ಸೋಮವಾರದ ಷರತ್ತು

ನನಗೆ ಇಂಗ್ಲಿಷ್ ಬರುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಇದ್ದುದರಿಂದಲೇ ಇಷ್ಟೆಲ್ಲ ಆಯಿತು.

ಸುರಪುರದ ತಹಸೀಲ್ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಇಪ್ಪತ್ತೆಂಟು ವರ್ಷದಿಂದ ಒಂದು ಮೇಜು, ಒಂದು ಕುರ್ಚಿ ಹಾಕಿಕೊಂಡು ಕುಳಿತಿದ್ದೇನೆ. ಖರೀದಿ ಪತ್ರ, ದಾನಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ, ಅರ್ಜಿ, ತಕರಾರು ಅರ್ಜಿ, ತಕರಾರಿಗೆ ಉತ್ತರ, ಎಲ್ಲವನ್ನೂ ಬರೆಯುತ್ತೇನೆ. ಹೆಸರು ಶ್ರೀಮಂತ. ಹೆಸರಿಗೂ ಮನುಷ್ಯನಿಗೂ ಸಂಬಂಧವಿಲ್ಲ ಎಂಬುದನ್ನು ನನ್ನ ಹೆಂಡತಿ ಕಸ್ತೂರಿ ಮದುವೆಯಾದ ವಾರದಲ್ಲೇ ಪತ್ತೆ ಹಚ್ಚಿದಳು. ನನಗೆ ಗೊತ್ತಿರುವ ಇಂಗ್ಲಿಷ್ ಶಬ್ದಗಳು ಒಟ್ಟು ನಲವತ್ತರೊಳಗೆ ಇದ್ದಾವು. ಅವುಗಳಲ್ಲಿ ಹೆಚ್ಚಿನವು ಹೊಲ, ಬದು ಮತ್ತು ದಾವೆಗೆ ಸಂಬಂಧಿಸಿದವು. ಆದರೆ ನನ್ನ ಮೇಜಿನ ಮೇಲೆ ಸದಾ ಒಂದು ಇಂಗ್ಲಿಷ್ ದಿನಪತ್ರಿಕೆ ಹಾಸಿರುತ್ತದೆ. ಮೇಜಿಗೆ ಶಾಯಿ ತಾಗದಿರಲಿ ಎಂದು ಹಾಸಿದ್ದು ಅದು. ಊರವರು ಓದಲಿಕ್ಕೆ ಎಂದು ತಿಳಿದರು. ನಾನು ಅಲ್ಲಗಳೆಯಲಿಲ್ಲ. ಅಲ್ಲಗಳೆಯದೆ ಸುಮ್ಮನಿದ್ದರೆ ಅದು ಸುಳ್ಳಾಗುವುದಿಲ್ಲ ಎಂದು ಆಗ ನನ್ನ ತಿಳುವಳಿಕೆ.

ನನ್ನ ಕಸುಬಿಗೆ ಇನ್ನೊಂದು ಚಟವಿದೆ. ಪತ್ರದಲ್ಲಿ ಬರೀ ‘ಮಾರಿದ್ದೇನೆ, ಕೊಂಡಿದ್ದೇನೆ’ ಎಂದು ಬರೆದರೆ ಪಕ್ಷಗಾರರಿಗೆ ಸಮಾಧಾನವಾಗುವುದಿಲ್ಲ. ಇಷ್ಟೇ ಏನ್ರಿ ಎಂದು ಮುಖ ನೋಡುತ್ತಾರೆ. ಅದಕ್ಕೆ ಕೊನೆಯಲ್ಲಿ ಒಂದು ಭಾರವಾದ ಷರತ್ತು ಸೇರಿಸುತ್ತೇನೆ: ‘ಸದರಿ ಷರತ್ತನ್ನು ಮೀರಿದಲ್ಲಿ ಮೇಲಿನದ್ದೆಲ್ಲವೂ ರದ್ದುಬಾತಲು ಆಗತಕ್ಕದ್ದು ಮತ್ತು ಮುಂದೆ ಒದಗುವ ಕಷ್ಟನಷ್ಟಕ್ಕೆ ಮೀರಿದವರೇ ಹೊಣೆಗಾರರು.’ ಇದನ್ನು ಓದಿ ಹೇಳಿದ ಕೂಡಲೇ ಪಕ್ಷಗಾರರು ತಲೆಯಾಡಿಸಿ ಹೆಬ್ಬೆಟ್ಟು ಮುಂದೆ ಮಾಡುತ್ತಾರೆ. ಈ ಷರತ್ತಿನಿಂದ ಇಷ್ಟು ವರ್ಷ ಯಾರಿಗೂ ಕೆಡುಕಾಗಿರಲಿಲ್ಲ.

ನಮ್ಮ ಓಣಿಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು ಅಯ್ಯಣ್ಣನ ಮನೆ. ಅಯ್ಯಣ್ಣ ಕಾಳುಕಡಿ ಮಾರಾಟದ ಅಡತ್ತಿ ಅಂಗಡಿಯಲ್ಲಿ ತೂಕ ಮಾಡುವವನು. ಕೈಯಲ್ಲಿ ಹಿಡಿದರೆ ಸಾಕು, ಯಾವ ವಸ್ತುವಿನ ತೂಕವನ್ನಾದರೂ ಹೇಳಬಲ್ಲ. ಅವನ ಅಪ್ಪ ಬಂಡಿ ಹೊಡೆಯುತ್ತಿದ್ದ. ಸೋಮವಾರ ಬಸವಣ್ಣನ ವಾರ, ಆ ದಿನ ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಒಂದು ಸೋಮವಾರ ಯಾರೋ ಸೇಠ ಒತ್ತಾಯ ಮಾಡಿದನೆಂದು ಅಯ್ಯಣ್ಣನ ಅಪ್ಪ ಬಂಡಿ ಹೂಡಿದ. ಗುಡ್ಡದ ಇಳಿಜಾರಿನಲ್ಲಿ ಬಲಗಡೆಯ ಎತ್ತು ಜಾರಿ ಮುಂಗಾಲು ಮುರಿದುಕೊಂಡಿತು. ಆಗ ಅಯ್ಯಣ್ಣನಿಗೆ ಹತ್ತು ವರ್ಷ, ಬಂಡಿಯ ಮೇಲೆಯೇ ಕುಳಿತಿದ್ದ. ಈಗ ಅವನಿಗೆ ನಲವತ್ತೈದು, ಮನೆಯಲ್ಲಿ ಎತ್ತೂ ಇಲ್ಲ, ಬಂಡಿಯೂ ಇಲ್ಲ. ಆದರೂ ಆ ಎತ್ತಿನ ವಿಷಯ ಬಂದರೆ ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗುತ್ತಾನೆ.

ಅವನ ಮಗಳು ಗುರುದೇವಿ, ಎಂಟನೆಯ ಇಯತ್ತೆ. ದೊಡ್ಡಪ್ಪನ ಮಗಳಿಗೆ ಸಾಲಿಯಲ್ಲಿ ಕೊಟ್ಟಿದ್ದ ಸರ್ಕಾರಿ ಸೈಕಲ್ಲು ಅವಳ ಪಾಲಿಗೆ ಬಂದಿತ್ತು. ಬೆಳಿಗ್ಗೆ ಬೋನಾಳದ ಸೋದರತ್ತೆಯ ಮನೆಗೆ ರೊಟ್ಟಿ ಬುತ್ತಿ ಮುಟ್ಟಿಸಿ, ಸಾಲಿಯ ಗಂಟೆ ಹೊಡೆಯುವುದರೊಳಗೆ ತಿರುಗಿ ಬರುತ್ತಿದ್ದಳು. ಒಂದು ದಿನ ಅವಳ ಡ್ರಿಲ್ ಮಾಸ್ತರರು ಮೋಟಾರ್ ಸೈಕಲ್ ಮೇಲೆ ಅದೇ ದಾರಿಯಲ್ಲಿ ಬಂದವರು ಹುಡುಗಿಯನ್ನು ದಾಟಲಾಗದೆ ಹಿಂದೆಯೇ ಉಳಿದರಂತೆ. ನೇರ ಅಯ್ಯಣ್ಣನ ಮನೆಗೆ ಬಂದರು. ಸೈಕಲ್ ಪಂದ್ಯ ಕಲಿಸುವ ಕ್ರೀಡಾ ವಸತಿ ಶಾಲೆಯೊಂದಿದೆ, ಊಟ, ಓದು, ಸೈಕಲ್ ಎಲ್ಲ ಅವರದೇ, ಹದಿನಾಲ್ಕರೊಳಗಿನವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಯಾದಗಿರಿಯಲ್ಲಿ ಆಯ್ಕೆ ನಡೆಯುವುದಿದೆ ಎಂದರು. ಗುರುದೇವಿಗೆ ಬರುವ ಶ್ರಾವಣಕ್ಕೆ ಹದಿನಾಲ್ಕು ತುಂಬುತ್ತದೆ.

“ಇದೊಂದ ಸಲ ಅದ ನೋಡ್ರಿ ಅಯ್ಯಣ್ಣ. ಸೈಕಲ್ ಬಗ್ಗೆ ಮಾಸಪತ್ರಿಕೆ ಬರ್ತಾವ. ಹ್ಯಾಂಗ ತಯಾರಿ ಮಾಡಬೇಕು, ಸೈಕಲ್ಲ ಹ್ಯಾಂಗ ಇಟ್ಕೋಬೇಕು, ಎಲ್ಲಾ ಬರದಿರ್ತಾರ. ಚೊಲೋದು ಒಂದು ಆರಿಸ್ಕೊಂಡು ಹಂಗ ಮಾಡಸ್ರಿ,” ಎಂದು ಹೇಳಿ ಮಾಸ್ತರರು ಗಣತಿಯ ಕೆಲಸಕ್ಕೆ ಹೋದರು. ಆಮೇಲೆ ಅವರು ಹಳ್ಳಿ ಹಳ್ಳಿ ತಿರುಗುತ್ತ ಮನೆ ಎಣಿಸುತ್ತಲೇ ಇದ್ದರು.

ಗುರುದೇವಿ ಮಾತು ಕಡಿಮೆಯ ಹುಡುಗಿ. ಆ ದಿನ ನನ್ನನ್ನು ಹಿಡಿದು ನಿಲ್ಲಿಸಿ, “ಕಾಕಾ, ಅಲ್ಲಿ ಸೈಕಲ್ಲಿಗೆ ಗೇರ್ ಇರ್ತಾವಂತ್ರಿ. ಏರಿನ್ಯಾಗ ಕಾಲು ಹಗರ ಆಗ್ತಾವಂತ. ನನಗ ಒಮ್ಮೆ ಏರಿ ನೋಡಬೇಕಾಗ್ಯಾದ,” ಎಂದಳು. ಅವಳ ಬಾಯಿಂದ ಒಮ್ಮೆಲೆ ಅಷ್ಟು ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಾಸಪತ್ರಿಕೆ ಆರಿಸುವ ಜವಾಬ್ದಾರಿ ಯಾರ ಮೇಲೆ ಬಿತ್ತು ಎಂದು ಹೇಳಬೇಕಾಗಿಲ್ಲ. ಮೊಬೈಲಿನಲ್ಲೇ ಎಲ್ಲ ಸಿಗುತ್ತದೆ ಎಂದು ಓಣಿಯ ಒಂದಿಬ್ಬರು ಹೇಳಿ ನೋಡಿದರು. ಅಯ್ಯಣ್ಣ ಒಪ್ಪಲಿಲ್ಲ. “ಮೊಬೈಲು ಇವತ್ತೊಂದು ಹೇಳ್ತದ, ನಾಳಿಗೊಂದು ಹೇಳ್ತದ. ಅಚ್ಚಾಗಿದ್ದು ಹಂಗ ಅಲ್ಲ. ಅಲ್ಲದ ಓದಿ ಹೇಳಾಕ ನಮ್ಮ ಶ್ರೀಮಂತಣ್ಣ ಇದ್ದಾರ,” ಎಂದ. ನಾನು ಕನ್ನಡಕ ಸರಿಮಾಡಿಕೊಂಡೆ.

ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆವು. ಪಂಚಾಂಗವಿತ್ತು, ಅಡುಗೆ ಪುಸ್ತಕವಿತ್ತು. ಸೈಕಲ್ಲಿಗೂ ಒಂದು ಪತ್ರಿಕೆ ಇರುತ್ತದೆ ಎಂಬುದನ್ನು ಅಂಗಡಿಯವನು ನಂಬಲಿಲ್ಲ, “ಸೈಕಲ್ಲಿನ ಬಗ್ಗೆ ತಿಂಗಳ ತಿಂಗಳಾ ಬರಿಯೋದು ಏನದರಿ?” ಎಂದು ನಮ್ಮನ್ನೇ ಕೇಳಿದ. ಕೊನೆಗೆ ಶಹಾಪುರದಲ್ಲಿ ಗುಡ್ಡುವಿನ ರದ್ದಿ ಅಂಗಡಿಗೆ ಹೋದೆವು. ಹೈದರಾಬಾದಿನ ಹಳೆಯ ಇಂಗ್ಲಿಷ್ ಪತ್ರಿಕೆಗಳು ಮೂಟೆಗಟ್ಟಲೆ ಅವನಲ್ಲಿಗೆ ಬರುತ್ತವೆ. ಗುಡ್ಡು ಎರಡು ಮೂಟೆ ಬಿಚ್ಚಿ ನೆಲದ ಮೇಲೆ ಸುರಿದ. ಒಂದು ಗಂಟೆ ಹುಡುಕಿದ ಮೇಲೆ ಸೈಕಲ್ಲಿನ ಪತ್ರಿಕೆ ಮೂರು ಸಿಕ್ಕವು.

“ತೀನೇ ಅವ ನೋಡ್ರಿ ಸಾಬ್. ಮೂರೂ ಒಯ್ಯಿರಿ,” ಎಂದ ಗುಡ್ಡು.

“ಮೂರು ಮಂದಿ ಮಾತು ಕೇಳಿದ್ರ ಹುಡುಗಿ ಎಲ್ಲಿಗೂ ಮುಟ್ಟಂಗಿಲ್ಲ. ಒಂದ ಆರಿಸೋಣು,” ಎಂದ ಅಯ್ಯಣ್ಣ. ಇಷ್ಟು ಬುದ್ಧಿಯ ಮಾತನ್ನು ಆ ಇಡೀ ವ್ಯವಹಾರದಲ್ಲಿ ಮತ್ತೆ ಯಾರೂ ಆಡಲಿಲ್ಲ.

ಮೊದಲನೆಯದನ್ನು ಅವನು ಕೈಯಲ್ಲಿ ತೂಗಿ, ಪುಟ ತಿರುವಿ ನೋಡಿದ. ಅದರಲ್ಲಿದ್ದ ಒಂದು ಸೈಕಲ್ಲಿಗೂ ಕ್ಯಾರಿಯರ್ ಇರಲಿಲ್ಲ. “ಬುತ್ತಿ ಎಲ್ಲಿ ಕಟ್ಟಬೇಕಂತ? ಇವರಿಗೆ ಸೈಕಲ್ಲಿನ ಅನುಭವ ಕಡಿಮಿ ಕಾಣ್ತದ,” ಎಂದು ಪಕ್ಕಕ್ಕಿಟ್ಟ. ಎರಡನೆಯದರ ಮುಖಪುಟದಲ್ಲಿ ಒಬ್ಬ ಹೆಣ್ಣುಮಗಳು ಬಹಳ ಗಿಡ್ಡ ಬಟ್ಟೆಯಲ್ಲಿ ಸೈಕಲ್ ಹೊಡೆಯುತ್ತಿದ್ದಳು. ಅಯ್ಯಣ್ಣ ಅದನ್ನು ಬೋರಲು ಹಾಕಿ, “ಇದನ್ನ ಮನಿಯಾಗ ಒಯ್ದ್ರ ಶಿವಬಸಮ್ಮ ನನ್ನ ಒಳಗ ಬಿಡಂಗಿಲ್ಲ,” ಎಂದ. ಶಿವಬಸಮ್ಮ ಎಂದರೆ ಅವನ ಹೆಂಡತಿ. ಮೂರನೆಯದು ನನ್ನ ಕೈಗೆ ಬಂತು. ನಡುವಿನ ಪುಟದಲ್ಲಿ ಒಂದು ತಖ್ತೆ ಇತ್ತು. ಏಳು ಚೌಕ, ಏಳು ವಾರದ ಹೆಸರು. ವಾರದ ಹೆಸರುಗಳು ನನ್ನ ನಲವತ್ತು ಶಬ್ದಗಳಲ್ಲಿ ಸೇರಿದ್ದವು. ಮಂಡೇ ಎಂಬುದರ ಎದುರಿಗೆ ‘ರೆಸ್ಟ್’ ಎಂದಿತ್ತು. ಅದೂ ನನಗೆ ಗೊತ್ತಿತ್ತು.

“ಸೋಮವಾರ ಬಿಡುವು ಅಂತ ಅದ,” ಎಂದೆ.

ಅಯ್ಯಣ್ಣ ತಖ್ತೆಯ ಮೇಲೆ ಬಾಗಿದ. “ಅವರೂ ಸೋಮವಾರ ಹೂಡಂಗಿಲ್ಲೇನ್ರಿ ಶ್ರೀಮಂತಣ್ಣ?”

“ಹೂಡಂಗಿಲ್ಲ.”

“ಯಾಕಂತ ಬರದಾರ?”

ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿ ಅರ್ಧ ಪುಟ ಏನೋ ಬರೆದಿತ್ತು. ಒಂದು ಸಾಲೂ ನನಗೆ ತಿಳಿಯಲಿಲ್ಲ. ತಿಳಿಯುತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ಗುಡ್ಡು ಕೆಲಸ ಬಿಟ್ಟು ನನ್ನ ಬಾಯಿ ನೋಡುತ್ತಿದ್ದ. ರದ್ದಿ ಮಾರಲು ಬಂದ ಇಬ್ಬರು ಚೀಲ ಇಳಿಸಿ ನಿಂತಿದ್ದರು. ಇಪ್ಪತ್ತೆಂಟು ವರ್ಷದ ಚಟ, ನಾಲಿಗೆ ತಾನಾಗಿಯೇ ನಡೆಯಿತು.

“ಸದರಿ ವಾರದಂದು ಸವಾರಿ ಮಾಡಿದಲ್ಲಿ ಹಿಂದಿನ ಅಭ್ಯಾಸವೆಲ್ಲವೂ ರದ್ದುಬಾತಲು ಆಗತಕ್ಕದ್ದು,” ಎಂದು ಬೆರಳಿಟ್ಟು ಓದಿದೆ. “ಮತ್ತು ಸವಾರಿ ಮಾಡಿದವರ ಕಾಲಿಗೆ ಒದಗುವ ಕಷ್ಟನಷ್ಟಕ್ಕೆ ಅವರೇ ಹೊಣೆಗಾರರು.”

ಅಯ್ಯಣ್ಣ ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. “ಕಾಲು ಅಂತನೂ ಬರದಾರ,” ಎಂದ. “ಇದ ಇರಲಿ. ಇವರು ತಿಳದವರು.”

ಹೀಗೆ ಪತ್ರಿಕೆಯ ಆಯ್ಕೆ ಮುಗಿಯಿತು.

ಮರುದಿನದಿಂದ ಸಂಜೆ ಅಯ್ಯಣ್ಣನ ಮನೆಯ ಕಟ್ಟೆಯ ಮೇಲೆ ನನ್ನ ಪಾರಾಯಣ ಶುರುವಾಯಿತು. ಓಣಿಯವರು ಕೂಡತೊಡಗಿದರು. ನನಗೆ ಚಿತ್ರಗಳೇ ಆಧಾರ. ಒಂದು ಚಿತ್ರದಲ್ಲಿ ಬಟ್ಟಲ ತುಂಬ ಬೆಳ್ಳಗೆ ಏನೋ ಇತ್ತು. ಜೋಳದ ನುಚ್ಚು ಮಜ್ಜಿಗೆ ಎಂದು ಓದಿದೆ. ಇನ್ನೊಂದರಲ್ಲಿ ಬಾಳೆಹಣ್ಣು, ಅದರಲ್ಲಿ ಸಂಶಯವೇ ಇರಲಿಲ್ಲ. ಸೈಕಲ್ ಸ್ವಚ್ಛ ಮಾಡುವ ಪಾಠದಲ್ಲಿ ಸೈಕಲ್ಲು ನೆಲ ಬಿಟ್ಟು ಮೇಲೆ ನಿಂತಿತ್ತು. ಕೆಳಗೆ ಅದಕ್ಕೊಂದು ಕಂಬವಿದ್ದುದು ಮಡಿಕೆಯಲ್ಲಿ ಹರಿದುಹೋಗಿ ನನಗೆ ಕಾಣಲಿಲ್ಲ. “ಸೈಕಲ್ಲನ್ನು ತೂಗುಹಾಕತಕ್ಕದ್ದು,” ಎಂದೆ. ಅಯ್ಯಣ್ಣ ಪಡಸಾಲೆಯ ತೊಲೆಗೆ ಎರಡು ಹಗ್ಗ ಇಳಿಬಿಟ್ಟು ಸೈಕಲ್ ತೂಗುಹಾಕಿ, ಸೀಮೆಎಣ್ಣೆಯಲ್ಲಿ ಚೈನು ತೊಳೆದ. ತೊಲೆಗೆ ಹಗ್ಗ ಕಟ್ಟಿದ್ದನ್ನು ಬೀದಿಯಿಂದ ನೋಡಿದ ಎದುರು ಮನೆಯ ದುರಗಮ್ಮ ಮೂರು ಓಣಿಗೆ ಸುದ್ದಿ ಮುಟ್ಟಿಸಿದಳು. ಮರುದಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಶಿವಬಸಮ್ಮನ ಹೊಟ್ಟೆ ನೋಡಿ, “ಎಷ್ಟು ತಿಂಗಳಾತವಾ? ನಮಗೊಂದು ಮಾತು ಹೇಳಬಾರದೇನು? ಈಗಿಂದಲೇ ತೊಟ್ಟಿಲು ಕಟ್ಟಬಾರದವಾ,” ಎಂದು ಬುದ್ಧಿ ಹೇಳಿ ಹೋದರು. ಶಿವಬಸಮ್ಮ ಎರಡು ದಿನ ನೀರಿಗೆ ಹೊರಗೆ ಬರಲಿಲ್ಲ.

ಸೋಮವಾರದ ಷರತ್ತು ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿತು. ಸೋಮವಾರ ಬೆಳಿಗ್ಗೆ ಸೈಕಲ್ಲಿಗೆ ವಿಭೂತಿ ಹಚ್ಚಿ, ಹ್ಯಾಂಡಲಿಗೆ ಹೂ ಸಿಕ್ಕಿಸಿ ನಿಲ್ಲಿಸುತ್ತಿದ್ದರು. ಗುರುದೇವಿ ಸಾಲಿಗೆ ನಡೆದು ಹೋಗುತ್ತಿದ್ದಳು. ಮೂರನೆಯ ಸೋಮವಾರ ಸೈಕಲ್ ಮೇಲೆ ಹಾಲು ತರುವ ಅಮಾತೆಪ್ಪ ನಮ್ಮ ಓಣಿಗೆ ಬರಲೇ ಇಲ್ಲ. ಮಂಗಳವಾರ ಬಂದವನನ್ನು ಕಸ್ತೂರಿ ಹಿಡಿದು ನಿಲ್ಲಿಸಿದಳು.

“ಸೋಮವಾರ ಸೈಕಲ್ಲ ಹೊಡಿಯೋರ ಕಾಲಿಗೆ ಕೇಡು ಅಂತ ನಿಮ್ಮ ಮಾಲಕ್ರ ಹೇಳ್ಯಾರಲ್ರಿ ಅಕ್ಕಾರ. ನನಗ ಇರೋವ ಎರಡ ಕಾಲು,” ಎಂದ ಅಮಾತೆಪ್ಪ.

ಆ ದಿನ ಹಾಲಿದ್ದರೂ ಕಸ್ತೂರಿ ಕರಿ ಚಹಾ ತಂದು ನನ್ನ ಮುಂದೆ ಕುಕ್ಕಿದಳು. “ನಮ್ಮ ತಮ್ಮಗ ಇಂಗ್ಲಿಷ್ ನೋಟಿಸ್ ಬಂದಾಗ ಮೂರು ದಿನ ದಿಂಬಿನ ಕೆಳಗ ಇಟ್ಕೊಂಡು ಮಲಗಿದ್ರಿ. ಓದಾಕ ಬರಲಿಲ್ಲ ಅಂತ ನನಗ ಗೊತ್ತದ. ಈಗ ಆ ಕೂಸಿಗೆ ಏನೇನು ಓದಿ ಹೇಳಾಕತ್ತೀರಿ?”

“ಕೂಸು ಸುಧಾರಿಸಾಕತ್ತದ,” ಎಂದೆ.

ಅದು ನಿಜವಾಗಿತ್ತು. ನುಚ್ಚು, ಬಾಳೆಹಣ್ಣು, ತೊಳೆದ ಚೈನು, ವಾರಕ್ಕೊಂದು ಬಿಡುವು, ಇವುಗಳಲ್ಲಿ ಯಾವುದು ಹತ್ತಿತೋ ಗೊತ್ತಿಲ್ಲ, ಬೋನಾಳಕ್ಕೆ ಹೋಗಿ ಬರುವ ಹೊತ್ತು ವಾರವಾರವೂ ಇಳಿಯುತ್ತಿತ್ತು. ಅಯ್ಯಣ್ಣ ಗಡಿಯಾರ ಹಿಡಿದು ಊರ ಬಾಗಿಲ ಅಗಸಿಯಲ್ಲಿ ನಿಂತಿರುತ್ತಿದ್ದ. ಅವಳು ಬಂದು ಬ್ರೇಕ್ ಹಾಕಿದ ಮೇಲೆ ಅಪ್ಪ, ಮಗಳು ಇಬ್ಬರೂ ಏದುಸಿರು ಬಿಡುತ್ತಿದ್ದರು. ನನಗೂ ಒಳಗೊಳಗೆ ಹೆಮ್ಮೆ ಹುಟ್ಟಿತು. ನನಗೆ ಇಂಗ್ಲಿಷ್ ಬರುತ್ತದೇನೋ ಎಂದು ನನಗೇ ಅನ್ನಿಸತೊಡಗಿತು.

ಅಷ್ಟರಲ್ಲಿ ಆಯ್ಕೆಯ ಕಾಗದ ಬಂತು. ಕನ್ನಡದಲ್ಲೇ ಇತ್ತು. ಅಯ್ಯಣ್ಣ ಅದನ್ನು ಓದಿಕೊಂಡೇ ನನ್ನ ಮೇಜಿಗೆ ಬಂದಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಯಾದಗಿರಿಯ ಕ್ರೀಡಾಂಗಣದಲ್ಲಿ ಬರುವ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಆಯ್ಕೆ, ಸೈಕಲ್ ಸಮೇತ ಹಾಜರಿರಬೇಕು.

“ಸೋಮವಾರ,” ಎಂದ ಅಯ್ಯಣ್ಣ.

ನಾನು ಕಾಗದವನ್ನು ತಿರುಗಿಸಿ ಹಿಂದಿನ ಬದಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

“ಒಂದು ಅರ್ಜಿ ಬರೀರಿ ಶ್ರೀಮಂತಣ್ಣ. ಮಂಗಳವಾರ ಇಡ್ರಿ ಅಂತ ಕೇಳೋಣು. ಪತ್ರಿಕಿನೂ ತೋರಸೋಣು. ಅವರೂ ಸೈಕಲ್ಲಿನವರ ಅಲ್ಲೇನು, ತಿಳಕೋತಾರ.”

ಅಲ್ಲಿಯೇ ಹೇಳಬಹುದಿತ್ತು. ನಾನು ಅರ್ಜಿ ಬರೆದೆ. ಒಳ್ಳೆಯ ಅರ್ಜಿ. ‘ಸೋಮವಾರವು ಬಸವಣ್ಣನ ವಾರವಾಗಿರುವುದರಿಂದಲೂ, ವಿದೇಶದ ತಜ್ಞರು ಸಹ ಸದರಿ ವಾರವನ್ನು ನಿಷೇಧಿಸಿರುವುದರಿಂದಲೂ’ ಎಂದು ಶುರುವಾಗಿ ಎರಡು ಪುಟ ಹೋಯಿತು. ಶುಕ್ರವಾರ ಇಬ್ಬರೂ ಯಾದಗಿರಿಯ ಬಸ್ಸು ಹತ್ತಿದೆವು.

ಅಲ್ಲಿಯ ಕ್ರೀಡಾ ಇಲಾಖೆಯ ಕಚೇರಿಯಲ್ಲಿ ತಸ್ಲೀಮಾ ಎಂಬ ಹೆಣ್ಣುಮಗಳು ಮೇಜಿನ ಹಿಂದೆ ಇದ್ದರು. ಅರ್ಜಿಯನ್ನು ಪೂರ್ತಿ ಓದಿದರು. ನನ್ನ ಅರ್ಜಿಯನ್ನು ಕಚೇರಿಯಲ್ಲಿ ಒಬ್ಬರು ಪೂರ್ತಿ ಓದಿದ್ದು ಇದೇ ಮೊದಲು. ನಗಲಿಲ್ಲ.

“ತಾರೀಖು ಬದಲಾಗಂಗಿಲ್ಲ ಅಣ್ಣಾರ. ಆರಿಸೋರು ಹೊರಗಿಂದ ಬರ್ತಾರ, ಒಂದ ದಿನ ಇರ್ತಾರ. ಹುಡುಗಿ ವಯಸ್ಸು ನೋಡಿದ್ರ ಮುಂದಿನ ವರ್ಷ ಬರಂಗಿಲ್ಲ. ಹ್ಯಾಂಗರ ಮಾಡಿ ಕರಕೊಂಡು ಬರ್ರಿ,” ಎಂದರು. ಆಮೇಲೆ, “ಆ ಪತ್ರಿಕಿ ಇಲ್ಲಿ ಕೊಡ್ರಿ, ನೋಡೋಣು,” ಎಂದು ಕೈ ಚಾಚಿದರು.

ಅಯ್ಯಣ್ಣ ಎರಡೂ ಕೈಯಿಂದ ಕೊಟ್ಟ. ತಸ್ಲೀಮಾ ನಡುವಿನ ಪುಟ ತೆಗೆದು ಓದತೊಡಗಿದರು. ಕಣ್ಣು ಸಾಲಿನಿಂದ ಸಾಲಿಗೆ ಸರಸರ ಓಡುತ್ತಿದ್ದುದನ್ನು ನೋಡಿ ನನ್ನ ಬೆನ್ನು ಬೆವೆತಿತು. ಅವರಿಗೆ ಬರುತ್ತಿತ್ತು.

“ಇದರಾಗ ಸೋಮವಾರ ಹೊಡಿಬಾರದು ಅಂತ ಎಲ್ಲದ? ಐತವಾರ ದೂರ ಹೋಗಿ ಬಂದ ದಣಿವಿಗೆ ಸೋಮವಾರ ಬಿಡುವು ಅಂತಾರ ಅಷ್ಟ. ನಿಮಗ ಅನುಕೂಲ ಆಗೋ ದಿನ ಬದಲಿಸ್ಕೋಬಹುದು ಅಂತನೂ ಬರದಾರ. ಯಾರು ಓದಿ ಹೇಳಿದ್ರು ನಿಮಗ?”

ಅವರ ಮಾತು ಮುಗಿಯುವುದರೊಳಗೆ ನಾನು ಮೇಜಿನ ಮೇಲಿನಿಂದ ಪತ್ರಿಕೆ ಎತ್ತಿಕೊಂಡು ಚೀಲಕ್ಕೆ ಹಾಕಿಕೊಂಡಿದ್ದೆ. “ಬಸ್ಸಿನ ಟೈಮಾತು, ನಡಿ ಅಯ್ಯಣ್ಣ,” ಎಂದು ಅವನ ರಟ್ಟೆ ಹಿಡಿದು ಹೊರಗೆ ತಂದೆ. ನನ್ನ ಜೀವನದಲ್ಲಿ ಬಹಳ ಸಣ್ಣ ಕೆಲಸಗಳನ್ನು ಮಾಡಿದ್ದೇನೆ. ಅದಕ್ಕಿಂತ ಸಣ್ಣದನ್ನು ಮಾಡಿಲ್ಲ.

ಬಸ್ಸಿನಲ್ಲಿ ಅಯ್ಯಣ್ಣ ಕಿಟಕಿಯ ಪಕ್ಕ ಕುಳಿತಿದ್ದ. ಅವನು ಕೇಳಲಿ, ಕೇಳಿದರೆ ಹೇಳಿಬಿಡುತ್ತೇನೆ ಎಂದು ನಾನು ಗಟ್ಟಿಮನಸ್ಸು ಮಾಡಿದ್ದೆ. ಶಹಾಪುರದ ಗುಡ್ಡ ದಾಟಿದ ಮೇಲೆ ಅವನು ಬಾಯಿಬಿಟ್ಟ.

“ಪಾಪ, ಆ ಹೆಣ್ಣುಮಗಳಿಗೆ ಇಂಗ್ಲಿಷ್ ಅಷ್ಟಾಗಿ ಬರಂಗಿಲ್ಲ ಕಾಣ್ತದ. ನಿಮ್ಮೆದುರಿಗೆ ಓದಾಕ ಹೋಗಿ ಮರ್ಯಾದಿ ಕಳಕೊಂಡ್ಳು. ನೀವು ಏನೂ ಅನ್ನದ ಎದ್ದು ಬಂದ್ರಿ. ದೊಡ್ಡ ಮನಸ್ಸು ನಿಮ್ಮದು.”

ನಾನು ಸುರಪುರದವರೆಗೆ ಸೀಟಿನ ಕಬ್ಬಿಣ ಹಿಡಿದು ಕುಳಿತೆ.

ಶನಿವಾರ ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಷರತ್ತು ಸೇರಿಸಿದವನಿಗೆ ವಿನಾಯಿತಿ ಸೇರಿಸುವುದೇನು ದೊಡ್ಡ ಮಾತು? ಐತವಾರ ಸಂಜೆ ಅಯ್ಯಣ್ಣನ ಮನೆಗೆ ಹೋಗಿ ನಲವತ್ತನೆಯ ಪುಟ ತೆಗೆದೆ. “ಇಲ್ಲಿ ನೋಡು, ಆವತ್ತು ಕಣ್ಣಿಗೆ ಬಿದ್ದಿರಲಿಲ್ಲ. ‘ಪರಂತು, ಆಯ್ಕೆ ಅಥವಾ ಸ್ಪರ್ಧೆಯ ಸಂದರ್ಭದಲ್ಲಿ ಸೋಮವಾರದ ಷರತ್ತು ಅನ್ವಯಿಸತಕ್ಕದ್ದಲ್ಲ’ ಅಂತ ಅದ. ನಾಳೆ ಐದೂವರಿ ಬಸ್ಸಿಗೆ ಹೊರಡ್ರಿ. ಸೈಕಲ್ಲ ಬಸ್ಸಿನ ಮ್ಯಾಲ ಕಟ್ಟೋಣು.”

ಶಿವಬಸಮ್ಮ ಒಲೆ ಬಿಟ್ಟು ಹೊರಗೆ ಬಂದಳು. ಗುರುದೇವಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಅಯ್ಯಣ್ಣ ಆ ಪುಟವನ್ನು ನೋಡಿದ. ಅಲ್ಲಿ ಒಂದು ಹೆಲ್ಮೆಟ್ಟಿನ ಚಿತ್ರ ಮಾತ್ರ ಇತ್ತು. ಅವನು ಪತ್ರಿಕೆಯನ್ನು ಮೆಲ್ಲಗೆ ಮುಚ್ಚಿ ನನ್ನ ಕೈಗಿಟ್ಟ.

“ಶ್ರೀಮಂತಣ್ಣ, ನನ್ನ ಸಂಕಟ ನೋಡಲಾರದ ನೀವು ಸುಳ್ಳು ಹೇಳಾಕತ್ತೀರಿ. ನನಗ ತಿಳೀತದ. ಬ್ಯಾಡ್ರಿ. ನಿಮ್ಮ ಬಾಯಾಗ ಸುಳ್ಳು ಬರಬಾರದು.” ಅವನು ಮಗಳ ಕಡೆ ತಿರುಗಿದ. “ನಾ ಒಂದ್ಸಲ ಕಣ್ಣಾರೆ ನೋಡೀನಿ. ಎತ್ತು ಎದ್ದು ನಿಲ್ಲಾಕ ನೋಡ್ತಿತ್ತು, ಆಗ್ತಿರಲಿಲ್ಲ. ಅದು ಎತ್ತು. ಇದು ನನ್ನ ಮಗಳು.”

ನಾನು ಹೇಳಿದ ನೂರು ಸುಳ್ಳಿನಲ್ಲಿ ಅವನು ಹಿಡಿದದ್ದು ಇದೊಂದನ್ನೇ. ಇನ್ನು ಅವನನ್ನು ಹೊರಡಿಸಲು ನಿಜವೊಂದೇ ಉಳಿದಿತ್ತು. ನನಗೆ ಇಂಗ್ಲಿಷ್ ಬರುವುದಿಲ್ಲ, ಕಾಲಿನ ಮಾತು ನನ್ನದು, ಪತ್ರಿಕೆಯದಲ್ಲ. ಮೂರೇ ಮಾತು. ಕಟ್ಟೆಯ ಮೇಲೆ ಆಗಲೇ ದುರಗಮ್ಮ, ಅಮಾತೆಪ್ಪ, ಇನ್ನಿಬ್ಬರು ಬಂದು ಕುಳಿತಿದ್ದರು. “ನಾಳಿ ಮುಂಜಾನಿ ಬರ್ತೀನಿ,” ಎಂದು ಹೇಳಿ ಎದ್ದು ಬಂದೆ. ಯಾಕೆ ಬರುತ್ತೇನೆ ಎಂದು ಯಾರೂ ಕೇಳಲಿಲ್ಲ.

ಸೋಮವಾರ ನಸುಕಿನಲ್ಲಿ ಎಚ್ಚರವಾಯಿತು. ಕಸ್ತೂರಿ ಎದ್ದು ಕುಳಿತಿದ್ದಳು.

“ಹೋಗಿ ಹೇಳಿ ಬರ್ರಿ,” ಎಂದಳು.

“ಏನು ಹೇಳಲಿ?”

“ಏನಂತ ನಿಮಗ ಗೊತ್ತದ. ಬಸ್ಸಿಗೆ ಇನ್ನಾ ಅರ್ಧ ತಾಸದ. ನಾಲ್ಕು ಮನಿ ದೂರ.”

ಹೊಟ್ಟೆ ನೋಯುತ್ತಿದೆ ಎಂದು ಹೇಳಿ ಹೊದಿಕೆ ಎಳೆದುಕೊಂಡೆ. ಸ್ವಲ್ಪ ಹೊತ್ತಿಗೆ ಬಸ್ಸು ಹಾರ್ನು ಹಾಕಿದ್ದು ಕೇಳಿಸಿತು, ಆಮೇಲೆ ಗುಡ್ಡದ ಇಳಿಜಾರಿನಲ್ಲಿ ಅದರ ಸಪ್ಪಳ ಸಣ್ಣದಾಗುತ್ತ ಹೋಯಿತು. ಆಗ ಮಾತ್ರ ನನಗೆ ನಿಜವಾಗಿಯೂ ಹೊಟ್ಟೆ ನೋಯತೊಡಗಿತು. ಹೊದಿಕೆಯೊಳಗೆ ಅತ್ತೆ. ಐವತ್ತನಾಲ್ಕು ವರ್ಷದ ಗಂಡಸು ಹೊದಿಕೆಯೊಳಗೆ ಅಳುವುದನ್ನು ನೋಡಿ ಕಸ್ತೂರಿ ನಗಬಹುದಿತ್ತು. ಅವಳು ನಗಲಿಲ್ಲ. ಎದ್ದು ನೀರು ಕಾಯಿಸಲು ಹೋದಳು.

ಒಂಬತ್ತೂವರೆಗೆ ಮೇಜಿನ ಹತ್ತಿರ ಬಂದು ಕುಳಿತೆ. ಕೈಗೆ ಕೆಲಸ ಹತ್ತಲಿಲ್ಲ. ತಹಸೀಲ್ ಕಚೇರಿಯ ಮುಂದಿನ ರಸ್ತೆಯಲ್ಲೇ ಗುರುದೇವಿಯ ಸಾಲಿಯ ದಾರಿ. ಅವಳು ಬಂದಳು, ಬೆನ್ನಿಗೆ ಪಾಟೀಚೀಲ, ಎರಡು ಜಡೆ. ನಾನು ಕರೆಯದೆ ಇದ್ದಿದ್ದರೆ ಹಾಗೇ ಹೋಗುತ್ತಿದ್ದಳು. ಕರೆದೆ. 

ಬಂದು ಮೇಜಿನ ಎದುರು ನಿಂತಳು.

“ಗುರುದೇವಿ,” ಎಂದೆ. “ನನಗ ಇಂಗ್ಲಿಷ್ ಬರಂಗಿಲ್ಲವಾ. ಆ ಪತ್ರಿಕಿಯೊಳಗ ಸೋಮವಾರ ಹೊಡಿಬಾರದು ಅನ್ನೋ ಮಾತು ಇಲ್ಲ. ಕಾಲಿಗೆ ಕೇಡು ಅನ್ನೋದು ನಾ ಕಟ್ಟಿದ್ದು.”

ಅವಳಿಗೆ ಸಿಟ್ಟು ಬರಲಿ, ಅಳಲಿ, ಕೈಯಲ್ಲಿದ್ದ ನೀರಿನ ಬಾಟಲಿಯನ್ನು ನನ್ನ ತಲೆಗೆ ಎಸೆಯಲಿ ಎಂದು ಕಾದೆ.

“ಗೊತ್ತದರಿ ಕಾಕಾ,” ಎಂದಳು ಗುರುದೇವಿ.

“ಗೊತ್ತದ?”

“ಎರಡನೇ ವಾರದಾಗ ಸಾಲಿಗೆ ಒಯ್ದು ಇಂಗ್ಲಿಷ್ ಟೀಚರ್ ಕಡಿಂದ ಓದಿಸಿದ್ನಿರಿ. ಇಂಥಾದ್ದೇನೂ ಬರದಿಲ್ಲ ಅಂದ್ರು.”

“ಮತ್ತ ನಿಮ್ಮಪ್ಪಗ ಹೇಳಬೇಕಿತ್ತಲ್ಲವಾ.”

“ಹೇಳಿದ್ನಿರಿ. ಕಾಗದ ಬಂದ ದಿನ ಹೇಳಿದೆ. ನಿಮ್ಮ ಟೀಚರ್‌ಗ ಏನು ಗೊತ್ತು, ಶ್ರೀಮಂತ ಕಾಕಾ ಸುಳ್ಳು ಹೇಳೋರಲ್ಲ ಅಂದ.” ಅವಳು ಮೇಜಿನ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದಳು. “ನೀವ ಹೇಳಿದ್ರ ಕೇಳ್ತಿದ್ದ. ನಿನ್ನಿ ಹೇಳ್ತೀರಿ ಅಂದ್ಕೊಂಡೆ. ಮುಂಜಾನಿ ಬರ್ತೀನಿ ಅಂದ್ರಲ್ಲ, ಅದಕ್ಕ ಐದಕ್ಕ ಎದ್ದು ತಯಾರಾಗಿ ಬಾಗಿಲಾಗ ನಿಂತಿದ್ನಿರಿ. ಬಸ್ಸು ಹೋದ ಮ್ಯಾಲ ಒಳಗ ಹೋದೆ.”

ನಾನು ಎದ್ದು ನಿಂತೆ. ಈಗಲೇ ಅಡತ್ತಿಗೆ ಹೋಗಿ ನಿಮ್ಮಪ್ಪನಿಗೆ ಎಲ್ಲ ಹೇಳುತ್ತೇನೆ, ನಾಲ್ಕು ಜನರೆದುರಿಗೆ ಹೇಳುತ್ತೇನೆ ಎಂದೆ. ಗುರುದೇವಿ ನನ್ನ ತೋಳಿನ ಅಂಗಿ ಹಿಡಿದಳು. ಅವಳು ಯಾವತ್ತೂ ದೊಡ್ಡವರನ್ನು ಹೀಗೆ ಮುಟ್ಟಿದವಳಲ್ಲ.

“ಈಗ ಹೇಳಬ್ಯಾಡ್ರಿ ಕಾಕಾ. ಮಗಳಿಗೆ ಕೇಡು ಆಗದಂಗ ಉಳಿಸೀನಿ ಅಂತ ನಮ್ಮಪ್ಪ ಮುಂಜಾನಿಂದ ಸಮಾಧಾನದಾಗ ಇದ್ದಾನ. ನನಗ ಚಹಾ ತಾನ ಮಾಡಿ ಕೊಟ್ಟ. ಈಗ ಹೇಳಿದ್ರ ಅಂವಾ ಏನು ಮಾಡಬೇಕ್ರಿ?”

ನಾನು ಮತ್ತೆ ಕುರ್ಚಿಯಲ್ಲಿ ಕುಳಿತೆ. ಅವಳು ಕೈ ಬಿಟ್ಟಳು, ಚೀಲದ ಪಟ್ಟಿ ಸರಿಮಾಡಿಕೊಂಡಳು.

“ಬರ್ತೀನ್ರಿ. ಗಂಟಿ ಹೊಡೀತದ, ನಡಕೋಂತ ಹೋಗಬೇಕು.”